ಹಲ್ಲಿನ ಹತ್ತರಿಗೆ ಅಲಗು ಮಾಡಿಕೊಂಡಿದ್ದು

ಅಪ್ಪನ ಸಾಮಾನಿನ ಪೆಟ್ಟಿಗೆಯಲ್ಲಿ ಮರ ಹೆರೆಯುವ ಒಂದು ಹತ್ತರಿ ಇತ್ತು. ಅಲಗಿಲ್ಲ, ಅದನ್ನು ಬಿಗಿಯುವ ಬೆಣೆಯಿಲ್ಲ, ಬರೀ ಮರದ ಒಡಲು. ಬೇರೆ ಹತ್ತರಿಗಳಲ್ಲಿ ಅಲಗು 45 ಡಿಗ್ರಿ ಆಸುಪಾಸಿನಲ್ಲಿ ಒರಗಿ ಕೂರುತ್ತದೆ. ಇದರಲ್ಲಿ ಅಲಗು ಕೂರುವ ಗೂಡು ಮಾತ್ರ ಹೆಚ್ಚುಕಮ್ಮಿ ನೆಟ್ಟಗೆ ನಿಂತಿತ್ತು. ಯಾರೋ ಕಲಿಯೋ ಹುಡುಗ ಕೋನ ತಪ್ಪಿಸಿ ಕೊರೆದಿದ್ದಾನೆ ಅಂದುಕೊಂಡು ಎಷ್ಟೋ ವರ್ಷ ಅದನ್ನು ಶೆಡ್ಡಿನ ಬಾಗಿಲಿಗೆ ಒತ್ತುಗಲ್ಲಿನ ಹಾಗೆ ಇಟ್ಟಿದ್ದೆ.

ಕಣ್ಣು ತೆರೆಸಿದ್ದು ಒಂದು ಬೀಟೆ ಮೇಜು. ಮೂಡಿಗೆರೆ ಕಡೆಯ ಎಸ್ಟೇಟ್ ಬಂಗಲೆಯಿಂದ ಸಕಲೇಶಪುರದ ನನ್ನ ಶೆಡ್ಡಿಗೆ ಬಂದಿತ್ತು. ಮೂರೇ ಹಲಗೆಯ ಊಟದ ಮೇಜು, ಮಳೆಗಾಲಗಳ ತೇವಕ್ಕೆ ಬಾಗಿ, ಹಲಗೆ ಜೋಡಿಸಿದ ಸಂದಿನ ಹತ್ತಿರ ಏರುತಗ್ಗಾಗಿತ್ತು. ಬೀಟೆಯ ಎಳೆ ಒಂದೇ ದಿಕ್ಕಿಗೆ ಮಲಗಿರುವುದಿಲ್ಲ. ಒಂದು ಪಟ್ಟಿ ಆ ಕಡೆಗೆ ಬಾಗಿದರೆ ಪಕ್ಕದ್ದು ಈ ಕಡೆಗೆ. ಹತ್ತರಿ ಯಾವ ಕಡೆಯಿಂದ ತಳ್ಳಿದರೂ ಅರ್ಧ ನುಣುಪು, ಅರ್ಧ ಎಳೆ ಕಿತ್ತುಬರುತ್ತದೆ. ಹಲಸಿನದೂ ಇದೇ ಗೋಳು. ಕರೆಂಟ್ ಪ್ಲೇನರ್ ಹಾಕಿ ಒಂದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಆಳದ ಗುಳಿಗಳನ್ನು ಎಬ್ಬಿಸಿಕೊಂಡ ಮೇಲೆ ಕೈ ನಿಲ್ಲಿಸಿದೆ. ಹಲಗೆ ಹಾಳಾದರೆ ಬೇರೆ ತರೋಣ ಅನ್ನುವ ಮರ ಅಲ್ಲ ಅದು. ಸ್ಯಾಂಡಿಂಗ್ ಮಷಿನ್ ಹಿಡಿಯೋಣ ಅಂದರೆ ಬೀಟೆಯ ಸಣ್ಣ ಧೂಳು ನನ್ನ ಮೈಗೆ ಆಗುವುದಿಲ್ಲ. ಕುತ್ತಿಗೆ ಸುತ್ತ ತುರಿಕೆ, ಎರಡು ದಿನ ಮೂಗು ಕಟ್ಟುತ್ತದೆ.

ಆಗ ನೆನಪಾದದ್ದು ಬಾಗಿಲಿಗೆ ಒತ್ತಿಟ್ಟಿದ್ದ ಆ ಹತ್ತರಿ. ಗೂಡಿನ ಕೋನ ಅಳೆದೆ, 80 ಡಿಗ್ರಿ. ಅದು ತಪ್ಪಿ ಕೊರೆದದ್ದಲ್ಲ, ಹಲ್ಲಿನ ಹತ್ತರಿ, ಅಂದರೆ ಅಲಗಿನ ಅಂಚಿನಲ್ಲಿ ಸಾಲು ಸಣ್ಣ ಹಲ್ಲುಗಳಿರುವಂಥದ್ದು. ಅಪ್ಪ ವೀನಿಯರ್, ಅಂದರೆ ತೆಳು ಮರದ ಹಾಳೆ, ಅಂಟಿಸುವ ಮುಂಚೆ ಹಲಗೆಯ ಮೇಲೆ ಏನೋ ಗೀರುತ್ತಿದ್ದರು, ಆಮೇಲೆ ಬಿಸಿ ಮರವಜ್ರದ ಅಂಟು ಬಳಿಯುತ್ತಿದ್ದರು ಅನ್ನುವುದು ಚಿಕ್ಕಂದಿನ ಮಸುಕು ನೆನಪು. ಗೀರಿದರೆ ಅಂಟು ಗಟ್ಟಿ ಹಿಡಿಯುತ್ತದೆ ಅನ್ನುವುದು ಹಳಬರ ಮಾತು. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಎರಡು ಮೈ ಸರಿಯಾಗಿ ಕೂತರೆ ಫೆವಿಕಾಲ್ ಗೀರಿಲ್ಲದೆಯೂ ಹಿಡಿಯುತ್ತದೆ. ನಿಜವಾದ ಲಾಭ ಹಲಗೆಯ ಮಟ್ಟ ನೋಡುವುದರಲ್ಲಿದೆ. ಗೀರು ಬಿದ್ದ ಜಾಗ ಉಬ್ಬು, ಬೀಳದ ಜಾಗ ತಗ್ಗು, ಕಣ್ಣಿಗೇ ಕಾಣುತ್ತದೆ. ಅಲಗು ನೆಟ್ಟಗೆ ನಿಂತಿರುವುದರಿಂದ ಎಳೆಯನ್ನು ಮೀಟಿ ಎಬ್ಬಿಸುವುದಿಲ್ಲ, ಕೆರೆಯುತ್ತದೆ. ಹಲ್ಲುಗಳು ಬಿಡಿಬಿಡಿಯಾಗಿ ಕೆರೆಯುವುದರಿಂದ ಕಿತ್ತರೂ ಅದು ಒಂದು ಹಲ್ಲಿನಗಲಕ್ಕೇ ಮುಗಿಯುತ್ತದೆ.

ಇನ್ನು ಅಲಗು. ಹಾಸನದ ಗುಜರಿ ಅಂಗಡಿಗಳಲ್ಲಿ ಎರಡು ದಿನ ಕೈ ಕಪ್ಪು ಮಾಡಿಕೊಂಡೆ. ಮಾಮೂಲಿ ಅಲಗುಗಳು ಸಿಕ್ಕವು, ಹಲ್ಲಿನದು ಒಂದೂ ಇಲ್ಲ. ಒಬ್ಬರು, "ಹಲ್ಲಿದ್ರೆ ಗರಗಸ ಅಲ್ವಾ ಆಚಾರ್ರೇ?" ಅಂದರು. ವೆರಿಟಾಸ್, ಲೀ-ನೀಲ್ಸನ್ ಕಂಪನಿಯವರು ಹಲ್ಲಿನ ಅಲಗು ಈಗಲೂ ಮಾಡುತ್ತಾರೆ, ಆದರೆ ಅದು ಅವರ ಕಬ್ಬಿಣದ ಹತ್ತರಿಗೆ. ನನ್ನ ಮರದ ಗೂಡಿಗೆ ಅದು ಕೂರುವುದೂ ಇಲ್ಲ, ಆ ದುಡ್ಡು ನನ್ನ ಹತ್ತಿರ ಇರಲೂ ಇಲ್ಲ.

ಸರಿ, ಅಪ್ಪನದೇ ಒಂದೂವರೆ ಇಂಚಿನ ಹಳೆಯ ಅಲಗು ತೆಗೆದುಕೊಂಡು ಮೂರು ಮೂಲೆ ಅರದಿಂದ ಹಲ್ಲು ಉಜ್ಜಲು ಕೂತೆ. ಎಲ್ಲಿ? ಇಳಿಜಾರಿನ ಕಡೆಗೆ, ಸಾಣೆ ಹಿಡಿಯುವ ಮೈಗೆ. ಅರ ಬೆಣ್ಣೆಯಲ್ಲಿ ಓಡಿದ ಹಾಗೆ ಓಡಿತು. ಅಲ್ಲೇ ಅನುಮಾನ ಬರಬೇಕಿತ್ತು. ಅಂಚಿನ ಹತ್ತಿರ ಬಂದಾಗ ಅರ ಜಾರಿತು, ಗೀರೂ ಬೀಳಲಿಲ್ಲ. ಹಳೆಯ ಅಲಗುಗಳು ಪೂರಾ ಉಕ್ಕಲ್ಲ. ಮೆತ್ತನೆ ಕಬ್ಬಿಣದ ಮೇಲೆ, ಚಪ್ಪಟೆ ಮೈಯ ಕಡೆಗೆ, ತೆಳ್ಳನೆ ಉಕ್ಕಿನ ಪಟ್ಟಿ ಬೆಸೆದಿರುತ್ತಾರೆ. ನಾನು ಉಜ್ಜುತ್ತಿದ್ದದ್ದು ಕಬ್ಬಿಣವನ್ನು. ಒಂದು ವೇಳೆ ಉಕ್ಕಿನವರೆಗೆ ಹಲ್ಲು ಮೂಡಿಸಿದ್ದರೂ ಮೊದಲ ಸಾಣೆಗೇ ಅವು ಅಳಿಸಿಹೋಗುತ್ತಿದ್ದವು. ಹಲ್ಲನ್ನು ಅಂಚಿನಲ್ಲಿ ಕೊರೆಯುವುದೇ ಅಲ್ಲ. ಚಪ್ಪಟೆ ಮೈಯ ಮೇಲೆ ಉದ್ದುದ್ದಕ್ಕೆ ಗೆರೆ ಕೊರೆಯಬೇಕು, ಹಿಂದಿನಿಂದ ಇಳಿಜಾರು ಸಾಣೆ ಹಿಡಿದಾಗ ಗೆರೆ ಅಂಚಿಗೆ ಬಂದ ಕಡೆ ಹಲ್ಲು ತಾನಾಗಿ ಹುಟ್ಟುತ್ತದೆ. ಅಲಗು ಸವೆದಷ್ಟೂ ಹಲ್ಲು ಹೊಸದಾಗುತ್ತದೆ. ಇಷ್ಟು ಗೊತ್ತಾಗಲು ಒಂದು ಭಾನುವಾರ ಹೋಯಿತು.

ಅಪ್ಪನ ಅಲಗನ್ನು ಬೆಂಕಿಗೆ ಹಾಕಲು ಮನಸ್ಸಾಗಲಿಲ್ಲ. ಸವೆದುಹೋದ 14 ಇಂಚಿನ ಚಪ್ಪಟೆ ಅರ ಒಂದಿತ್ತು, ಅದನ್ನೇ ತೆಗೆದುಕೊಂಡೆ. ಅರದ ಉಕ್ಕಿಗೆ ಅಲಗಿಗೆ ಬೇಕಾದಷ್ಟು ಕಾರ್ಬನ್ ಇರುತ್ತದೆ. ಅಗಲ ಗೂಡಿಗಿಂತ ಸ್ವಲ್ಪ ಕಡಿಮೆ, ಪರವಾಗಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಅಲ್ಲೇ ಬೂದಿಯಲ್ಲಿ ಹೂತು ಬೆಳಗಿನ ತನಕ ಬಿಟ್ಟೆ. ನಿಧಾನ ಆರಿದ ಉಕ್ಕು ಹ್ಯಾಕ್ಸಾಗೆ, ಅಂದರೆ ಕಬ್ಬಿಣ ಕೊಯ್ಯುವ ಗರಗಸಕ್ಕೆ, ಬಗ್ಗುತ್ತದೆ. ಆಮೇಲೆ ಗ್ರೈಂಡರಿನಲ್ಲಿ ಎರಡೂ ಮೈಯ ಹಳೆ ಹಲ್ಲು ಪೂರ್ತಿ ತೆಗೆದೆ. ಒಂದು ಗೀರು ಉಳಿದರೂ ಮುಂದೆ ಅದೇ ಬಿರುಕಿಗೆ ದಾರಿ.

ಗೆರೆಗಳು ಸಮನಾಗಿ ಬರುವುದೇ ಕಷ್ಟದ ಭಾಗ. ಸ್ಕೇಲಿಟ್ಟು ಗುರುತು ಮಾಡಿ ಉಜ್ಜಿದರೆ ಐದನೇ ಗೆರೆಗೇ ದಾರಿ ತಪ್ಪುತ್ತದೆ. ಮೂರು ಹ್ಯಾಕ್ಸಾ ಬ್ಲೇಡುಗಳನ್ನು ಒಟ್ಟಿಗೆ ಬೋಲ್ಟ್ ಹಾಕಿ ಕಟ್ಟಿದೆ. ನಡುವಿನದರ ಹಲ್ಲು ಪೂರಾ ಉಜ್ಜಿ ತೆಗೆದು, ಹೊರಗಿನ ಎರಡರ ಹಲ್ಲುಗಳು ಅತ್ತಿತ್ತ ಚಾಚದ ಹಾಗೆ ಪಕ್ಕಗಳನ್ನು ಕಲ್ಲಿಗೆ ತೀಡಿದ್ದೆ. ಒಂದು ಬ್ಲೇಡು ಕೊರೆದ ಗೆರೆಯಲ್ಲಿ ಓಡುತ್ತದೆ, ಇನ್ನೊಂದು ಪಕ್ಕದ ಗೆರೆ ಶುರು ಮಾಡುತ್ತದೆ. ಒಂದು ಬ್ಲೇಡು 0.65 ಮಿಲಿಮೀಟರ್, ಹಾಗಾಗಿ ಗೆರೆಯಿಂದ ಗೆರೆಗೆ 1.3. ಇಂಚಿಗೆ ಇಪ್ಪತ್ತರ ಹತ್ತಿರ ಹಲ್ಲು, ಬಿರುಸು ಕೆಲಸಕ್ಕೆ ಸರಿ. ಮೊದಲ ಗೆರೆಯೊಂದನ್ನು ಮೂಲೆಮಟ್ಟವಿಟ್ಟು ನೆಟ್ಟಗೆ ಕೊರೆದರೆ ಸಾಕು, ಉಳಿದವು ಅದರ ಹಿಂದೆ ಬರುತ್ತವೆ. ಅದು ಸೊಟ್ಟಗಾದರೆ ಅವೂ ಸೊಟ್ಟಗೇ. ಕೊನೆಗೆ ಮೂರು ಮೂಲೆ ಅರದಿಂದ ಪ್ರತಿ ಗೆರೆಯ ಬಾಯಿ ಬಿಡಿಸಿದೆ. ಆಳ ಅರ್ಧ ಮಿಲಿಮೀಟರ್, ಉದ್ದ ಒಂದೂವರೆ ಇಂಚು. ಅಷ್ಟು ಸವೆಯಲು ನನ್ನ ಆಯಸ್ಸು ಸಾಲದು.

ಹದ ಹಾಕುವಾಗ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡುವಾಗ, ಮೊದಲನೆಯದು ಒಡೆಯಿತು. ಕುಲುಮೆಯ ಯಜಮಾನರು ಮಚ್ಚು, ಗುದ್ದಲಿಗಳನ್ನು ನೀರಿನಲ್ಲೇ ಅದ್ದುವವರು, ನಾನೂ ಹೂಂ ಅಂದೆ. ಟಿಣ್ ಅಂದ ಸದ್ದಿಗೇ ಇಬ್ಬರಿಗೂ ಗೊತ್ತಾಯಿತು. ಒಂದು ಗೆರೆಯ ತಳದಿಂದ ಉದ್ದಕ್ಕೆ ಸೀಳಿತ್ತು. ಇಂಥ ಗೆರೆಗಳಿರುವ ಉಕ್ಕು ನೀರಿನ ಪೆಟ್ಟಿಗೆ ಸುಲಭವಾಗಿ ಸೀಳಬಹುದು. "ಎಣ್ಣೆ ತಗೊಂಡು ಬಾ, ಇನ್ನೊಂದು ಮಾಡೋಣ" ಅಂದರು, ಕೂಲಿ ಕೇಳಲಿಲ್ಲ.

ಉಳಿದ ಅರ್ಧ ಅರದಲ್ಲಿ ಎರಡನೆಯದು. ತೆಂಗಿನ ಚಿಪ್ಪಿನ ಇದ್ದಿಲಲ್ಲಿ ಕಾಯಿಸಿ, ಅಯಸ್ಕಾಂತ ಹಿಡಿಯುವುದು ಬಿಟ್ಟ ಮೇಲೆ, ಅಂದರೆ 770 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ, ಇನ್ನೂ ಒಂದು ಚೂರು ಕಾಯಿಸಿ, ಬೆಚ್ಚಗಿನ ಕಡಲೆಕಾಯಿ ಎಣ್ಣೆಯಲ್ಲಿ ನೆಟ್ಟಗೆ ಅದ್ದಿದೆವು. ಹೊಸ ಅರ ಅಂಚಿನ ಮೇಲೆ ಜಾರಿತು, ಅಂದರೆ ಗಟ್ಟಿಯಾಗಿದೆ. ಆ ಗಟ್ಟಿತನದಲ್ಲಿ ಹಲ್ಲು ಗಾಜಿನ ಹಾಗೆ ಮುರಿಯುತ್ತದೆ. ಮನೆಯ ಓವನ್ನಿನಲ್ಲಿ 200 ಡಿಗ್ರಿಗೆ ಒಂದು ಗಂಟೆ ಇಟ್ಟು ಬಿಗಿ ಇಳಿಸಿದೆ. ತೆಳು ಹುಲ್ಲಿನ ಬಣ್ಣ ಬಂತು. ಅಡಿಗೆಮನೆಯಲ್ಲಿ ಎಣ್ಣೆ ಸೀದ ವಾಸನೆಗೆ ಬೈಸಿಕೊಂಡದ್ದು ಬೇರೆ ಮಾತು.

ಸಾಣೆ ಹಿಡಿಯುವಾಗ ಒಂದು ಎಚ್ಚರ: ಇಳಿಜಾರನ್ನು ಮಾತ್ರ ಕಲ್ಲಿಗೆ ಹಚ್ಚಬೇಕು. ಮಾಮೂಲಿ ಅಲಗಿಗೆ ಮಾಡುವ ಹಾಗೆ ಕೊನೆಗೆ ಹಿಂದುಮುಂದು ಮಾಡಿ ಚಪ್ಪಟೆ ಮೈ ಉಜ್ಜಿದರೆ ಗೆರೆ ಸವೆಯುತ್ತದೆ. ನನ್ನ ಕೈ ಅಭ್ಯಾಸಬಲದಿಂದ ಎರಡು ಸಲ ಅತ್ತ ಹೋಗಿತ್ತು. ಹಾಗಾದರೆ ಅಂಚಿನಲ್ಲಿ ಮಡಚಿ ಉಳಿಯುವ ಲೋಹದ ಸಿಪ್ಪೆಗೆ ಏನು ಮಾಡುವುದು? ಸಿಲ್ವರ್ ಓಕ್ ತುಂಡೊಂದರ ಕೊಯ್ದ ತುದಿಗೆ ಅಂಚನ್ನು ಮೆತ್ತಗೆ ಬಡಿದರೆ ಉದುರುತ್ತದೆ. ಅರದ ಉಕ್ಕು ದಪ್ಪ, ಹಳೆ ಬೆಣೆ ಇದ್ದಿದ್ದರೂ ಹಿಡಿಯುತ್ತಿರಲಿಲ್ಲ, ಹೊಸದನ್ನು ಮತ್ತಿ ಮರದಲ್ಲಿ ಮಾಡಿದೆ.

ಮೇಜನ್ನು ಮೂಲೆಯಿಂದ ಮೂಲೆಗೆ ಒಂದು ಸಲ, ಅಡ್ಡಹಾಯ್ದು ಇನ್ನೊಂದು ಸಲ ತಳ್ಳಿದೆ. ಸಿಪ್ಪೆ ಬರುವುದಿಲ್ಲ, ರವೆಯಂಥ ನೇರಳೆ ಹೊಟ್ಟು ಬಿದ್ದು ಅಲ್ಲೇ ಕೂರುತ್ತದೆ, ಹಾರುವುದಿಲ್ಲ, ನನ್ನ ಮೂಗಿಗೂ ಏನಾಗಲಿಲ್ಲ. ಎಲ್ಲೂ ಎಳೆ ಕೀಳಲಿಲ್ಲ. ಪ್ಲೇನರ್ ಎಬ್ಬಿಸಿದ್ದ ಗುಳಿಗಳ ಮಟ್ಟಕ್ಕೆ ಇಳಿಯಲು ಎರಡೂವರೆ ದಿನ, ರಟ್ಟೆ ಬಿದ್ದುಹೋಯಿತು. ಗೀರುಗಳನ್ನು ಸ್ಕ್ರೇಪರಿನಿಂದ, ಅಂದರೆ ಮರ ಕೆರೆಯುವ ಉಕ್ಕಿನ ಹಾಳೆಯಿಂದ, ತೆಗೆಯಲು ಇನ್ನೊಂದು ದಿನ. ಒಂದು ಗುಳಿ ಮಾತ್ರ ಉಳಿಸಿದೆ, ಅದರವರೆಗೆ ಇಳಿದಿದ್ದರೆ ಹಲಗೆ ತೆಳುವಾಗುತ್ತಿತ್ತು. ಬೀಟೆ ಪುಡಿ, ಅರಗು ಸೇರಿಸಿ ತುಂಬಿದ್ದೇನೆ. ಮೇಜಿನವರಿಗೆ ತೋರಿಸಿಯೇ ಕೊಟ್ಟೆ.

ಈಗ ವೀನಿಯರ್ ಕೆಲಸಕ್ಕೆ ಇಂಚಿಗೆ 30 ಹಲ್ಲಿನ ಇನ್ನೊಂದು ಅಲಗು ಬೇಕಾಗಿದೆ. ಅದಕ್ಕೆ ಹ್ಯಾಕ್ಸಾ ಬ್ಲೇಡು ದಪ್ಪವಾಯಿತು, ಅಕ್ಕಸಾಲಿಗರ ಗರಗಸದ ಬ್ಲೇಡು ಎಳೆದರೆ ನುಲಿಯುತ್ತದೆ. ಒಂಬತ್ತು ಗೆರೆ ಕೊರೆದು ನಿಲ್ಲಿಸಿದ್ದೇನೆ.