ಮೊದಲು ಟಿವಿಯ ಬೆನ್ನು ನೋಡಿ, ಆಮೇಲೆ ಎಸ್‌.ಪಿ. ರೋಡಿಗೆ ಹೊರಡಿ: ಕಡಿಮೆ ದುಡ್ಡಿನ ಹೋಮ್ ಥಿಯೇಟರ್

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌.ಪಿ. ರೋಡಿನಲ್ಲಿ ಆರು ಡಬ್ಬಿಯ ‘5.1’ ಸೆಟ್ಟು ಐದಾರು ಸಾವಿರಕ್ಕೇ ಸಿಗುತ್ತದೆ. ಮನೆಗೆ ತಂದು ಬ್ಲೂಟೂತ್‌ನಲ್ಲಿ ಜೋಡಿಸಿದರೆ ಆರು ಡಬ್ಬಿಯಿಂದಲೂ ಸದ್ದು ಬರುತ್ತದೆ. ಆದರೆ ಅದು 5.1 ಅಲ್ಲ. ಬ್ಲೂಟೂತ್ ಸಾಗಿಸುವುದು ಎಡ, ಬಲ ಎರಡೇ ಚಾನೆಲ್. ಕೆಂಪು–ಬಿಳಿ ಪಿನ್ನಿನ ಆಕ್ಸ್ ವೈರಿನದೂ ಅದೇ ಕಥೆ. ಬಂದ ಎರಡನ್ನೇ ಆ ಸೆಟ್ಟು ಆರು ಕಡೆ ಹಂಚಿ ಬಡಿಸುತ್ತದೆ, ಅಷ್ಟೆ. ನಿಜವಾದ 5.1ರಲ್ಲಿ ಮುಂದಿನ ಎಡ–ಬಲ, ಮಾತಿಗೆಂದು ನಡುವೆ ಒಂದು, ಹಿಂದೆ ಎರಡು, ಕೆಳಗಿನ ಗುಡುಗಿಗೆ ಸಬ್‌ವೂಫರ್ – ಆರೂ ಬೇರೆ ಬೇರೆ ಸಿಗ್ನಲ್. ಅದನ್ನು ಬಿಡಿಸಿ ಕೊಡಲು ಡಾಲ್ಬಿ ಡಿಕೋಡರ್ ಬೇಕು. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ವ್ಯಾಟ್’ ಅಲ್ಲ, ‘ಒಳಗೆ ಡಿಕೋಡರ್ ಇದೆಯಾ’ ಎಂಬುದು.

ಅದಕ್ಕೂ ಮುಂಚೆ ಟಿವಿಯನ್ನು ಸ್ವಲ್ಪ ತಿರುಗಿಸಿ, ಮೊಬೈಲ್ ಟಾರ್ಚ್ ಹಿಡಿದು ಹಿಂಭಾಗದ ಫೋಟೊ ತೆಗೆದಿಟ್ಟುಕೊಳ್ಳಿ. ಎಚ್‌ಡಿಎಂಐ ತೂತುಗಳಲ್ಲಿ ಒಂದರ ಪಕ್ಕ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದು ಬರೆದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಟಿವಿಯ ಸದ್ದು ಆ ತೂತಿನಿಂದಲೇ ಸ್ಪೀಕರ್ ಸೆಟ್ಟಿಗೆ ಹೋಗುತ್ತದೆ. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರ ಜೊತೆ, ಇಎಆರ್‌ಸಿ 2017ರ 2.1ರ ಜೊತೆ. ಕಡಿಮೆ ಬಜೆಟ್ಟಿಗೆ ಎಆರ್‌ಸಿಯೇ ಧಾರಾಳ. ಅದಿಲ್ಲದೆ ಚೌಕಾಕಾರದ ಆಪ್ಟಿಕಲ್ ತೂತು ಮಾತ್ರ ಇದ್ದರೂ ಚಿಂತೆಯಿಲ್ಲ, ಡಾಲ್ಬಿ ಡಿಜಿಟಲ್ 5.1 ಅದರಲ್ಲೂ ಹಾಯುತ್ತದೆ. ಬರೀ ಹೆಡ್‌ಫೋನ್ ತೂತು ಇದ್ದರೆ ಮಾತ್ರ 5.1ರ ಆಸೆ ಬಿಟ್ಟು ಒಳ್ಳೆಯ ಎರಡು ಸ್ಪೀಕರ್ ತನ್ನಿ. ಆ ತೂತಿನಿಂದ ಹೊರಗೆ ಬರುವುದೇ ಎರಡು ಚಾನೆಲ್.

ವ್ಯಾಟ್ ಎಂಬ ಮಾಯೆ

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಸಾವಿರಗಟ್ಟಲೆ ‘ಪಿಎಂಪಿಒ’ ವ್ಯಾಟ್ ಕಂಡರೆ ಆ ಡಬ್ಬವನ್ನು ಅಲ್ಲೇ ಇಟ್ಟು ಮುಂದಕ್ಕೆ ನಡೆಯಿರಿ. ಅದಕ್ಕೆ ಯಾವ ಅಳತೆಗೋಲೂ ಇಲ್ಲ. ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ವ್ಯಾಟ್) ಸಂಖ್ಯೆ ಪರವಾಗಿಲ್ಲ, ಆದರೆ ಅದನ್ನೂ 10% ಡಿಸ್ಟಾರ್ಷನ್‌ನಲ್ಲಿ, ಅಂದರೆ ಸದ್ದು ಒಡೆಯುವ ಮಟ್ಟದಲ್ಲಿ, ಅಳೆದು ಉಬ್ಬಿಸಿರಬಹುದು. 1%ಕ್ಕಿಂತ ಕಡಿಮೆಯಲ್ಲಿ ಅಳೆದದ್ದನ್ನು ನಂಬಬಹುದು. ಹೇಗಿದ್ದರೂ ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು ಮೂರೇ ಡೆಸಿಬಲ್. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಲು ಹತ್ತು ಪಟ್ಟು ವ್ಯಾಟ್ ಬೇಕು. ಬಿಡಿ ಸ್ಪೀಕರ್ ಕೊಳ್ಳುವವರು ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟಿಗೆ ಎಷ್ಟು ಸದ್ದು ಎಂಬುದನ್ನು ನೋಡಬೇಕು: 84 ಡೆಸಿಬಲ್‌ನ ಸ್ಪೀಕರ್ 90ರದಷ್ಟೇ ಕೂಗಬೇಕಾದರೆ ನಾಲ್ಕು ಪಟ್ಟು ವ್ಯಾಟ್ ತಿನ್ನುತ್ತದೆ. ಹತ್ತು–ಹನ್ನೆರಡು ಅಡಿಯ ಬಾಡಿಗೆ ಮನೆ ಹಾಲಿಗೆ ಒಂದೊಂದು ಸ್ಪೀಕರಿಗೆ 30 ಪ್ರಾಮಾಣಿಕ ವ್ಯಾಟ್ ಸಾಕು. ಅದಕ್ಕಿಂತ ಹೆಚ್ಚಾದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ.

ಎಷ್ಟು ದುಡ್ಡಿಗೆ ಏನು

ಏಳೆಂಟು ಸಾವಿರದೊಳಗೆ 5.1 ಬೇಡವೇ ಬೇಡ. ಅದೇ ದುಡ್ಡು ಆರು ಪ್ಲಾಸ್ಟಿಕ್ ಡಬ್ಬಿಗೆ ಹರಿದು ಹಂಚಿಹೋಗುವ ಬದಲು, ನಾಲ್ಕಿಂಚಿನ ವೂಫರ್ ಇರುವ, ಆಂಪ್ಲಿಫೈಯರ್ ಒಳಗೇ ಇರುವ ಮರದ ಪೆಟ್ಟಿಗೆಯ ಸ್ಪೀಕರ್ ಜೋಡಿಗೆ ಹೋಗಲಿ. ಆಪ್ಟಿಕಲ್ ಇನ್‌ಪುಟ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಇಂಥ ಜೋಡಿಗೆ ಡಾಲ್ಬಿ ತಿಳಿಯುವುದಿಲ್ಲ, ಟಿವಿಯಲ್ಲಿ ಆಡಿಯೋ ಔಟ್‌ಪುಟ್ ‘ಪಿಸಿಎಂ’ (ಡಾಲ್ಬಿಯಿಲ್ಲದ ಸಾದಾ ಸದ್ದು) ಇಡದಿದ್ದರೆ ಸದ್ದೇ ಬರದಿರಬಹುದು. ಸ್ಪೀಕರ್ ಕೆಟ್ಟಿದೆಯೆಂದು ಅಂಗಡಿಗೆ ವಾಪಸ್ ಹೋಗುವ ಅನೇಕ ಜೋಡಿಗಳ ಕಾಯಿಲೆ ಇಷ್ಟೇ.

ಹತ್ತು–ಹನ್ನೆರಡು ಸಾವಿರಕ್ಕೆ ಸಬ್‌ವೂಫರ್ ಇರುವ 2.1 ಸೌಂಡ್‌ಬಾರ್. ನಡುವಿನ ಸ್ಪೀಕರೂ ಇರುವ 3.1 ಸಿಕ್ಕಿದರೆ ಅದನ್ನೇ ಹಿಡಿಯಿರಿ. ‘ಹಾಡು ಜೋರು, ಮಾತು ಕೇಳಲ್ಲ’ ಎಂಬುದು ಸಿನಿಮಾ ನೋಡುವವರ ದೊಡ್ಡ ದೂರು, ಅದಕ್ಕೆ ಮದ್ದು ನಡುವಿನ ಸ್ಪೀಕರು.

ಹದಿನೈದು ದಾಟಿದ ಮೇಲೆ ಬಾರಿನ ಜೊತೆ ನಿಜವಾಗಿ ಹಿಂದೆ ಇಡುವ ಎರಡು ಸ್ಪೀಕರ್ ಕೊಡುವ ಸೆಟ್ಟುಗಳಿವೆ. ಸೋನಿಯ ಎಚ್‌ಟಿ-ಎಸ್20ಆರ್ ಈ ಜಾತಿಯದು: ಎಆರ್‌ಸಿ, ಆಪ್ಟಿಕಲ್ ಎರಡೂ ಇವೆ, ಹಿಂದಿನ ಸ್ಪೀಕರಿನ ವೈರು ಹೋಗಿ ಸೇರುವುದು ಸಬ್‌ವೂಫರಿಗೆ. ಹಾಗಾಗಿ ಸಬ್ಬನ್ನು ಸೋಫಾದ ಹತ್ತಿರ ಇಟ್ಟರೆ ಹಿಂದಿನ ವೈರು ಚಿಕ್ಕದಾಗುತ್ತದೆ, ಆದರೆ ಅಲ್ಲಿಂದ ಬಾರಿಗೆ ಹೋಗುವ ವೈರು ಮುಟ್ಟಬೇಕಲ್ಲ. ಟೇಪಿನಿಂದ ಎರಡನ್ನೂ ಅಳೆದೇ ಹೋಗಿ. ಇದೇ ಬೆಲೆಗೆ ಒಂಟಿ ಬಾರಿನ ಮೇಲೆ ‘ಅಟ್ಮಾಸ್’ (ತಲೆ ಮೇಲಿಂದಲೂ ಸದ್ದು ಬರಿಸುವ ಡಾಲ್ಬಿ ವಿಧಾನ) ಎಂದು ಬರೆದದ್ದೂ ಇರುತ್ತದೆ. ಮೇಲ್ಮುಖವಾಗಿ ಸ್ಪೀಕರ್ ಇಲ್ಲದ ಬಾರಿನಲ್ಲಿ ಅದು ಬರೀ ಲೆಕ್ಕಾಚಾರದ ಭ್ರಮೆ. ಆ ಪದಕ್ಕೆ ದುಡ್ಡು ಕೊಡಬೇಡಿ.

ಇಪ್ಪತ್ತು–ಇಪ್ಪತ್ತೈದು ಸಾವಿರ ಇದ್ದು ತಾಳ್ಮೆಯೂ ಇದ್ದರೆ ಹಳೆಯ ಎವಿ ರಿಸೀವರ್ (ಡಿಕೋಡರ್, ಆಂಪ್ಲಿಫೈಯರ್ ಎರಡೂ ಇರುವ ಪೆಟ್ಟಿಗೆ) ಒಂದೇ ದಾರಿ. ಯಮಹಾ, ಡೆನನ್, ಓಂಕ್ಯೊ ರಿಸೀವರುಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಕೊಳ್ಳುವ ಮುಂಚೆ ಮಾರುವವರ ಮನೆಯಲ್ಲೇ ಅರ್ಧ ಗಂಟೆ ಓಡಿಸಿ ನೋಡಬೇಕು. ಮೊದಲು ಹಿಂದಿನ ಲೇಬಲ್: 120 ವೋಲ್ಟ್ ಎಂದಿದ್ದರೆ ಅದು ಅಮೆರಿಕದಿಂದ ಸಾಫ್ಟ್‌ವೇರ್ ಎಂಜಿನಿಯರ ಸೂಟ್‌ಕೇಸಿನಲ್ಲಿ ಬಂದದ್ದು, ನಮ್ಮ 230ಕ್ಕೆ ನೇರ ಚುಚ್ಚಿದರೆ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಖರ್ಚು, ಭಾರ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ ಮೆನುವಿನ ಟೆಸ್ಟ್ ಟೋನ್ ಹಾಕಿ ಒಂದೊಂದೇ ಚಾನೆಲ್ ಕೇಳಿ. ವಾಲ್ಯೂಮ್ ತಿರುಗಿಸುವಾಗ ಕರಕರ ಬಂದರೆ ಗುಂಡಿ ಶುಚಿ ಮಾಡಿಸಿದರೆ ಸಾಕು. ಆದರೆ ತಾನೇ ತಾನಾಗಿ ಆಫ್ ಆಗಿ ‘ಪ್ರೊಟೆಕ್ಟ್’ ತೋರಿಸಿದರೆ, ಅಥವಾ ಎಚ್‌ಡಿಎಂಐ ಚಿತ್ರ ಮಿಟುಕಿದರೆ ಬಿಟ್ಟುಬಿಡಿ, ಆ ಬೋರ್ಡಿನ ರಿಪೇರಿ ಬೆಲೆಗೆ ಇನ್ನೊಂದು ರಿಸೀವರ್ ಬರುತ್ತದೆ. ರಿಮೋಟು, ಸ್ಪೀಕರುಗಳ ಸದ್ದನ್ನು ಕೋಣೆಗೆ ಹೊಂದಿಸುವ ಕ್ಯಾಲಿಬ್ರೇಶನ್ ಮೈಕು ಕೇಳಲು ಮರೆಯಬೇಡಿ.

ಹಳೆಯ ಡಿವಿಡಿ ಹೋಮ್ ಥಿಯೇಟರಿನ ಸ್ಪೀಕರು ಮನೆಯಲ್ಲಿದ್ದರೆ ಅದನ್ನೇ ರಿಸೀವರಿಗೆ ಸಿಕ್ಕಿಸುವ ಆಸೆ ಹುಟ್ಟುತ್ತದೆ. ಅವು ಹೆಚ್ಚಾಗಿ 3 ಅಥವಾ 4 ಓಮ್‌ನವು, ರಿಸೀವರಿನ ಹಿಂದೆ ‘6–16 ಓಮ್’ ಎಂದಿರುತ್ತದೆ. ಓಮ್ ಕಡಿಮೆಯಾದಷ್ಟೂ ರಿಸೀವರಿಗೆ ಹೊರೆ ಹೆಚ್ಚು. ಸದ್ದು ಏರಿಸಿದ ಕೂಡಲೇ ಬಿಸಿಯಾಗಿ ಆಫ್ ಆಗುವುದು ಇದರಿಂದಲೇ.

ಮೊದಲ ತಿಂಗಳು ರಿಸೀವರಿಗೆ ಎರಡೇ ಬುಕ್‌ಶೆಲ್ಫ್ ಸ್ಪೀಕರ್ ಸಾಕು, ನಡುವಿನದು ಯುಗಾದಿಗೆ, ಸಬ್ಬು ದೀಪಾವಳಿಗೆ ಬರಲಿ. ಒಂದು ಮಾತ್ರ ಮರೆಯಬೇಡಿ: ಸೆಟಪ್ ಮೆನುವಿನಲ್ಲಿ ಸೆಂಟರ್, ಸರೌಂಡ್, ಸಬ್ ಎಲ್ಲವನ್ನೂ ‘ಇಲ್ಲ’ ಎಂದು ಹೇಳಿ. ಇಲ್ಲದ ಸ್ಪೀಕರನ್ನು ‘ಇದೆ’ ಎಂದುಕೊಂಡ ರಿಸೀವರ್ ಮಾತನ್ನೆಲ್ಲ ಅದಕ್ಕೇ ಕಳಿಸುತ್ತದೆ, ನಿಮಗೆ ಕೇಳುವುದು ಹಿನ್ನೆಲೆ ಸಂಗೀತ ಮಾತ್ರ.

ವೈರು, ಜಾಗ, ಜಮಖಾನೆ

ವೈರಿಗೆ ಚಿನ್ನದ ಬಣ್ಣದ ದುಬಾರಿ ಸುರುಳಿ ಬೇಕಿಲ್ಲ. 1.5 ಚದರ ಮಿ.ಮೀ.ನ ಜೋಡಿ ತಾಮ್ರದ ವೈರು ಹತ್ತು ಮೀಟರಿನವರೆಗೂ 8 ಓಮ್ ಸ್ಪೀಕರಿಗೆ ಏನೂ ಕಡಿಮೆ ಮಾಡದು. ಅಂಗಡಿಯಲ್ಲೇ ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಹತ್ತು–ಹನ್ನೆರಡರ ಹಾಲಿನಲ್ಲಿ ಗೋಡೆಯಂಚಿಗೆ ಹೋಗಿ ಹಿಂದಿನ ಸ್ಪೀಕರ್ ಮುಟ್ಟಲು ಒಂದೊಂದಕ್ಕೆ ಏಳು ಮೀಟರ್ ಬೇಕು. ಮೂಲೆ, ಬಾಗಿಲ ಸುತ್ತು ಸೇರಿ ಹಿಂದಿನ ಎರಡಕ್ಕೆ 18 ಮೀಟರ್ ತನ್ನಿ. ಓನರು ಮೊಳೆ ಹೊಡೆಯಬೇಡಿ ಎಂದಿದ್ದರೆ ಅಂಟಿಸುವ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಸಿಗುತ್ತದೆ.

ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಸ್ಪೀಕರಿನದು ಅದಲುಬದಲಾದರೆ ಬೇಸ್ ಎಲ್ಲಿಗೋ ಮಾಯವಾಗುತ್ತದೆ, ಹಾಡುವವರ ದನಿ ಕೋಣೆಯಲ್ಲಿ ತೇಲಾಡುತ್ತದೆ. ಅನುಮಾನ ಬಂದರೆ ಸ್ಪೀಕರಿನ ವೈರನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಕ್ಷಣ ಮಾತ್ರ ತಾಗಿಸಿ. ಪ್ಲಸ್ ತಾಗಿದ ತುದಿ ಕೆಂಪಿನದಾದರೆ ವೂಫರ್ ಹೊರಗೆ ಉಬ್ಬಬೇಕು.

ಮುಂದಿನ ಎರಡು ಸ್ಪೀಕರುಗಳ ನಡುವಿನ ಅಂತರ, ನೀವು ಕೂರುವ ಜಾಗದಿಂದ ಅವಕ್ಕಿರುವ ಅಂತರ ಎರಡೂ ಹೆಚ್ಚುಕಡಿಮೆ ಸಮ ಇರಲಿ. ನಮ್ಮ ಮನೆಗಳಲ್ಲಿ ಸೋಫಾ ಹಿಂದಿನ ಗೋಡೆಗೇ ಒರಗಿರುವುದರಿಂದ ‘ಹಿಂದಿನ’ ಸ್ಪೀಕರಿಗೆ ಹಿಂದೆ ಜಾಗವೇ ಇಲ್ಲ. ಅವನ್ನು ಅಕ್ಕಪಕ್ಕದ ಗೋಡೆಗೆ, ಕಿವಿಗಿಂತ ಒಂದೆರಡು ಅಡಿ ಮೇಲೆ ಇಡಿ. ಸಬ್ಬಿಗೊಂದು ಹಳೆಯ ಉಪಾಯವಿದೆ: ಅದನ್ನು ಸೋಫಾದ ಮೇಲೆ ನೀವು ಕೂರುವಲ್ಲೇ ಇಟ್ಟು, ಬೇಸ್ ಇರುವ ಹಾಡು ಹಾಕಿ, ನೀವು ನೆಲದಲ್ಲಿ ಅಂಬೆಗಾಲಿಟ್ಟು ಸುತ್ತಿ. ಎಲ್ಲಿ ಬೇಸ್ ಗುಡುಗದೆ ತುಂಬಿಕೊಂಡು ಕೇಳುತ್ತದೋ ಅಲ್ಲಿಗೆ ಸಬ್ಬನ್ನು ಸ್ಥಳಾಂತರಿಸಿ. ಮನೆಯವರು ನಗುತ್ತಾರೆ, ನಗಲಿ. ಕ್ರಾಸ್‌ಓವರ್ (ಯಾವ ಗಡಿಯ ಕೆಳಗಿನ ಸದ್ದು ಸಬ್ಬಿಗೆ ಹೋಗಬೇಕೆಂಬುದು) 80 ಹರ್ಟ್ಸ್‌ನಿಂದ ಶುರುಮಾಡಿ. ಮುಷ್ಟಿಯಷ್ಟು ಪುಟ್ಟ ಸ್ಪೀಕರಾದರೆ 120ಕ್ಕೆ ಏರಿಸಿ.

ವಿಟ್ರಿಫೈಡ್ ಟೈಲ್ಸಿನ ನೆಲ, ಬೋಳು ಗೋಡೆ ಇದ್ದಲ್ಲಿ ಎಂಥ ಸೆಟ್ಟೂ ಕಿರುಚುತ್ತದೆ. ಚಪ್ಪಾಳೆ ತಟ್ಟಿ ನೋಡಿ, ಬಾಲದಂತೆ ಸದ್ದು ಉಳಿದರೆ ಸ್ಪೀಕರಿಗೂ ನಿಮಗೂ ನಡುವೆ ದಪ್ಪ ಜಮಖಾನೆ ಹಾಸಿ, ಕಿಟಕಿಗೆ ಭಾರದ ಪರದೆ ಹಾಕಿ. ಇಷ್ಟು ಲಾಭ ಕೊಡುವ ಅಗ್ಗದ ವಸ್ತು ಬೇರೊಂದಿಲ್ಲ.

ಟಿವಿಗೆ ಹೇಳಬೇಕಾದ್ದು

5.1 ಸೆಟ್ಟು ತಂದವರು ‘ಡಿಜಿಟಲ್ ಆಡಿಯೋ ಔಟ್‌ಪುಟ್’ ಅನ್ನು ಪಿಸಿಎಂನಿಂದ ‘ಆಟೊ’, ‘ಬಿಟ್‌ಸ್ಟ್ರೀಮ್’ ಅಥವಾ ‘ಪಾಸ್‌ಥ್ರೂ’ಗೆ ಬದಲಿಸಬೇಕು, ಇಲ್ಲವಾದರೆ ಮತ್ತೆ ಅದೇ ಎರಡು ಚಾನೆಲ್. ಎಆರ್‌ಸಿಗೆ ‘ಸಿಇಸಿ’ (ಎಚ್‌ಡಿಎಂಐ ವೈರಿನಲ್ಲಿ ಒಂದು ಸಾಧನ ಇನ್ನೊಂದನ್ನು ನಿಯಂತ್ರಿಸುವ ಸೌಲಭ್ಯ) ಕೂಡ ಆನ್ ಮಾಡಿ, ಕಂಪನಿಗೊಂದು ಹೆಸರಿಟ್ಟುಕೊಂಡಿರುತ್ತಾರೆ, ಹುಡುಕಿ. ಸೆಟ್‌ಟಾಪ್ ಬಾಕ್ಸಿನ ಒಳಗೂ ಡಾಲ್ಬಿಯ ಆಯ್ಕೆ ಇದ್ದರೆ ಅದನ್ನೂ ನೋಡಿ. ಒಟಿಟಿಯಲ್ಲಿ ಸಿನಿಮಾದ ಮೇಲೆ 5.1 ಎಂದಿದ್ದರೂ ಎಲ್ಲ ಭಾಷೆಯ ಟ್ರ್ಯಾಕಿಗೂ ಅದಿರಬೇಕೆಂದಿಲ್ಲ. ಕನ್ನಡ ಡಬ್ಬಿಂಗಿನಲ್ಲಿ ಹಿಂದಿನ ಸ್ಪೀಕರ್ ಸುಮ್ಮನಿದ್ದರೆ, ಸೆಟ್ಟು ಕೆಟ್ಟಿದೆ ಎನ್ನುವ ಮುಂಚೆ ಮೂಲ ಭಾಷೆಯದನ್ನು ಹಾಕಿ ನೋಡಿ.

2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಅಪಾರ್ಟ್‌ಮೆಂಟಿನಲ್ಲಿ ಜಗಳ ತರುವುದು ಮಾತಿನ ಸದ್ದಲ್ಲ, ಸ್ಲ್ಯಾಬಿಗಿಳಿಯುವ ಬೇಸ್. ಸಬ್ಬಿನ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಇಡಿ, ಹತ್ತರ ಮೇಲೆ ‘ನೈಟ್ ಮೋಡ್’ ಹಾಕಿ.

ಕೊನೆಗೆ ಸ್ಪೀಕರಿನಲ್ಲಿ ‘ಹುಂ’ ಎಂಬ ಗುಂಯ್‌ಗುಟ್ಟುವಿಕೆ ಉಳಿದರೆ ಕೇಬಲ್ ಟಿವಿಯ ವೈರನ್ನು ಕಳಚಿ ನೋಡಿ. ನಿಂತರೆ ಅದು ‘ಗ್ರೌಂಡ್ ಲೂಪ್’, ಅಂದರೆ ಎರಡು ಕಡೆಯ ಅರ್ಥಿಂಗ್ ಸೇರಿ ಆದ ಸುತ್ತು. ಟಿವಿಯಿಂದ ಆಪ್ಟಿಕಲ್‌ನಲ್ಲಿ ಜೋಡಿಸಿದರೆ ಹೋಗುತ್ತದೆ, ಅದರಲ್ಲಿ ಹರಿಯುವುದು ಬೆಳಕು. ಪ್ಲಗ್ಗಿನ ಅರ್ಥ್ ಪಿನ್ ಕಿತ್ತರೂ ಹೋಗುತ್ತದೆಂದು ಯಾರಾದರೂ ಹೇಳಿಯಾರು, ಆ ಕೆಲಸಕ್ಕೆ ಮಾತ್ರ ಕೈಹಾಕಬೇಡಿ. ಡಬ್ಬ, ಥರ್ಮೋಕೋಲು, ಬಿಲ್ಲು ಮೂರನ್ನೂ ಎಲ್ಲ ತೂತು, ಎಲ್ಲ ಸ್ಪೀಕರ್ ಪರೀಕ್ಷೆ ಮುಗಿಯುವ ತನಕ ಅಟ್ಟಕ್ಕೆ ಹಾಕಬೇಡಿ.