ಹೈದರಾಬಾದ್ ಅಂದ ಆಯಿಗೆ ಎಷ್ಟು ಅಂಕ?

ಕಲಬುರಗಿಯ ಒಂದು ವೃದ್ಧಾಶ್ರಮಕ್ಕೆ ಮೊದಲ ದಿನ ಹೋದಾಗ ನನ್ನ ಕೈಯಲ್ಲಿ ಒಂದು ಫೈಲಿತ್ತು. ಅದರ ತುಂಬ ಪ್ರಶ್ನೆಗಳು. ಅಲ್ಲಿರುವವರಲ್ಲಿ ಮರೆವಿನ ಕಾಯಿಲೆ ಯಾರಿಗಿದೆ, ಖಿನ್ನತೆ ಯಾರಿಗಿದೆ ಅಂತ ನೋಡುವುದು ನನ್ನ ಸಂಶೋಧನೆ. ವೃದ್ಧಾಶ್ರಮಕ್ಕೆ ಇಂಗ್ಲಿಷ್ ಹೆಸರು ಹೇಳಿ ಮನೆಯಲ್ಲಿ 'ನರ್ಸಿಂಗ್ ಹೋಮ್ ಬಗ್ಗೆ ಅಧ್ಯಯನ' ಅಂದಿದ್ದೆ. ನಮ್ಮ ಕಡೆ ನರ್ಸಿಂಗ್ ಹೋಮ್ ಅಂದ್ರೆ ಹೆರಿಗೆ ಮಾಡಿಸುವ ಸಣ್ಣ ಆಸ್ಪತ್ರೆ ಅಲ್ವಾ, ನಾನು ಬಾಣಂತಿಯರನ್ನು ನೋಡಿಕೊಳ್ಳುತ್ತೇನೆ ಅಂತಲೇ ಅಮ್ಮ ಇವತ್ತಿಗೂ ನಂಬಿದ್ದಾಳೆ.

ಮರೆವು ಅಳೆಯಲು ಜಾಸ್ತಿ ಬಳಸುವುದು ಎಂಎಂಎಸ್ಇ ಅನ್ನುವ ಪ್ರಶ್ನೆಗಳ ಪರೀಕ್ಷೆ. 1975ರಲ್ಲಿ ಅಮೆರಿಕದಲ್ಲಿ ಬಂದದ್ದು, ಒಟ್ಟು 30 ಅಂಕ. ಇವತ್ತು ತಾರೀಕು ಎಷ್ಟು, ಇದು ಯಾವ ರಾಜ್ಯ, 100ರಿಂದ ಏಳೇಳು ಕಳೆಯುತ್ತ ಹೋಗಿ, ಒಂದು ವಾಕ್ಯ ಬರೆಯಿರಿ, ಹೀಗೆ. ನಾನು ಮೊದಲು ಕೂತದ್ದು ಒಬ್ಬ ಆಯಿಯ, ಅಂದ್ರೆ ಅಜ್ಜಿಯ ಮುಂದೆ. ರಿಜಿಸ್ಟರಿನಲ್ಲಿ ವಯಸ್ಸು 85.

"ಆಯಿ, ನಾವಿರೋದು ಯಾವ ರಾಜ್ಯದಾಗ?"

"ಹೈದ್ರಾಬಾದ."

"ಇವತ್ತ ತಾರೀಕ ಎಷ್ಟು?"

"ತಾರೀಕ ತೊಗೊಂಡು ಏನ್ ಮಾಡ್ಲಿ ಯವ್ವಾ? ನಾಡಿದ್ದು ಅಮಾಸಿ ಅದ."

ಸೊನ್ನೆ, ಸೊನ್ನೆ. ಬರೆದುಕೊಂಡು ಮನೆಗೆ ಬಂದೆ. ರಾತ್ರಿ ಕ್ಯಾಲೆಂಡರ್ ನೋಡಿದರೆ ಅಮಾವಾಸ್ಯೆ ನಿಜಕ್ಕೂ ನಾಡಿದ್ದೇ ಇತ್ತು. ಇನ್ನು ರಾಜ್ಯ. 1948ರಲ್ಲಿ ನಿಜಾಮನ ಆಡಳಿತ ಮುಗಿದಾಗ ಆಕೆ ಎಂಟು-ಹತ್ತು ವರ್ಷದ ಹುಡುಗಿ. 1956ರವರೆಗೆ ಇದು ಹೈದರಾಬಾದ್ ರಾಜ್ಯವೇ. ಆಮೇಲೆ ಮೈಸೂರು. 1973ಕ್ಕೆ ಕರ್ನಾಟಕ. ಗುಲಬರ್ಗಾ ಹೋಗಿ ಕಲಬುರಗಿ ಆದದ್ದಂತೂ 2014ರಲ್ಲಿ. ಆಯಿ ಇದ್ದಲ್ಲೇ ಇದ್ದರು, ಹೆಸರುಗಳು ಬದಲಾಗುತ್ತಾ ಹೋದವು. ಶಾಲೆಯ ಮುಖ ನೋಡದವರಿಗೆ ವಾಕ್ಯ ಬರೆಯಿರಿ ಅನ್ನುವುದು ಬೇರೆ.

ಹಾಗಂತ ಪಾಪ ಅಂತ ಅಂಕ ಕೊಟ್ಟುಬಿಡಲೂ ಬರುವುದಿಲ್ಲ. ಈ ಕಾಯಿಲೆಯಲ್ಲಿ ಮೊದಲು ಹೋಗುವುದು ನಿನ್ನೆ ಮೊನ್ನೆಯ ನೆನಪು. ಹಳೆಯದು ಉಳಿಯುತ್ತದೆ. 'ಹೈದರಾಬಾದ್' ಅನ್ನುವುದು ರೂಢಿಯ ಮಾತೂ ಇರಬಹುದು, ಕಾಯಿಲೆಯೂ ಇರಬಹುದು. ಓದು ಬಾರದವರಿಗಾಗಿ ಹರಿಯಾಣದ ಬಲ್ಲಭಗಢದಲ್ಲಿ ತಯಾರಾದ, ಹಿಂದಿಯಲ್ಲಿ ಮರೆವು ಅಳೆಯುವ ಪರೀಕ್ಷೆಯ ದಾರಿ ಹಿಡಿದೆ. ಏಳೇಳು ಕಳೆಯುವ ಬದಲು ಆಣೆ ಲೆಕ್ಕ ಕೇಳಿದೆ: ರೂಪಾಯಿ ಕೊಟ್ಟು ಮೂರಾಣೆ ಬೆಲ್ಲ ತಂದರೆ ಎಷ್ಟು ಉಳೀತು? "ಹದಿಮೂರಾಣಿ." ತಟ್ಟನೆ ಬಂತು. ಆಮೇಲೆ ಬಟ್ಟಲು, ಬೀಗ, ಬಾಚಣಿಗೆ ತೋರಿಸಿ ಮುಚ್ಚಿಟ್ಟೆ. ಐದು ನಿಮಿಷ ಬಿಟ್ಟು ಕೇಳಿದರೆ ಮೂರೂ ನೆನಪಿಲ್ಲ. ನಾನು ಏನೋ ತೋರಿಸಿದ್ದೆ ಅನ್ನುವುದೇ ನೆನಪಿಲ್ಲ. ಹೈದರಾಬಾದಿಗಿಂತ ನನ್ನನ್ನು ಚಿಂತೆಗೆ ಹಚ್ಚಿದ್ದು ಇದು. ಹಳೆಯ ಅಂಕ, ಹೊಸ ಅಂಕ ಎರಡನ್ನೂ ಬೇರೆ ಬೇರೆ ಬರೆದಿಟ್ಟೆ. ಕೂಡಿಸಿ ಒಂದು ಮಾಡಿದ್ದರೆ ಅದು ಮೋಸ.

ಖಿನ್ನತೆ ಇನ್ನೂ ಕಷ್ಟ. ಹೌದು-ಅಲ್ಲ ಅಂತ 15 ಪ್ರಶ್ನೆ ಕೇಳುವ ಪಟ್ಟಿ ಇದೆ. ಬಾಗಿಲಲ್ಲಿ ವಾರ್ಡನ್ ನಿಂತಿದ್ದರೆ ಎಲ್ಲರದ್ದೂ ಒಂದೇ ಉತ್ತರ: "ಎಲ್ಲಾ ಛಲೋ ಅದ." ಮರೆವು ಜಾಸ್ತಿ ಇದ್ದವರಿಗೆ ಹೋದ ವಾರ ಹೇಗಿದ್ದಿರಿ ಅಂತ ಕೇಳಿ ಪ್ರಯೋಜನವೂ ಇಲ್ಲ. ಅವರಿಗಾಗಿ ಕಾರ್ನೆಲ್ ಮಾಪನ ಇದೆ, 1988ರದ್ದು, 19 ಅಂಶ. ಅದರಲ್ಲಿ ನೋಡಿಕೊಳ್ಳುವವರನ್ನೂ ಕೇಳಬೇಕು. ಹಾಗಾಗಿ ಸ್ನಾನ ಮಾಡಿಸುವ, ತಲೆ ಬಾಚುವ ಆಯಾ ಜೊತೆ ಕೂತೆ. ಖಿನ್ನತೆ ಅನ್ನುವ ಮಾತೇ ಎತ್ತಲಿಲ್ಲ. ರೊಟ್ಟಿ ಯಾರು ಬಿಡುತ್ತಾರೆ, ನಸುಕಿನ ಮೂರಕ್ಕೆ ಯಾರು ಎದ್ದು ಕೂರುತ್ತಾರೆ, ಗೇಟಿನ ಹತ್ತಿರ ಬರುವುದನ್ನು ಯಾರು ಬಿಟ್ಟರು, ಇಷ್ಟೇ. ಒಬ್ಬ ಮುತ್ಯಾ ತಿಂಗಳಿಂದ ಅರ್ಧ ರೊಟ್ಟಿ ಬಿಡುತ್ತಿದ್ದರು. ನಾನು ಪೆನ್ನು ಎತ್ತಿದ್ದೆ. ಆಕೆ ತಡೆದಳು: "ಬ್ಯಾಸರಕಿ ಅಲ್ರಿ ಮೇಡಂ, ಹಲ್ಲಿನ ಸೆಟ್ ಸಡ್ಲ ಆಗ್ಯಾದ."

ಮೇ ತಿಂಗಳ ಬಿಸಿಲಲ್ಲಿ ಇನ್ನೊಂದು ಪಾಠ. ನಿನ್ನೆ ಸರಿ ಇದ್ದವರು ಇವತ್ತು ಒಮ್ಮೆಲೇ ಬಡಬಡಿಸಿದರೆ ಅದನ್ನು ಅರಳು ಮರಳು ಅಂತ ಬಿಡಬಾರದು. ನೀರು ಕಡಿಮೆಯಾಗಿರಬಹುದು, ಮೂತ್ರದ ಸೋಂಕಿರಬಹುದು. ಅವತ್ತೇ ಡಾಕ್ಟರಿಗೆ ತೋರಿಸಬೇಕು.

ನಮ್ಮ ಆಯಿ ಮಾತ್ರ ದಿನಾ ಸಂಜೆ ಐದಾದರೆ ಚೀಲ ಹಿಡಿದು ಏಳುತ್ತಿದ್ದರು. "ಮನಿಗಿ ಹೋಗ್ತೀನಿ, ರೊಟ್ಟಿ ಬಡೀಬೇಕು." ಇದೇ ನಿಮ್ಮ ಮನೆ ಅಂತ ನಾನು ತಿಳಿಸಿ ಹೇಳಿದೆ. ಗಲಾಟೆ ಇನ್ನೂ ಜಾಸ್ತಿ ಆಯಿತು. ಆಯಾ ಏನೂ ಹೇಳದೆ ಮೊರದಲ್ಲಿ ತೊಗರಿಬೇಳೆ ತಂದು ಮುಂದಿಟ್ಟಳು. ಆಯಿ ಕೂತರು. ಬೆರಳುಗಳು ತಾವಾಗಿಯೇ ಹರಳು ಹುಡುಕತೊಡಗಿದವು. ಕತ್ತಲಾಗುವ ತನಕ ಮನೆಯ ಸುದ್ದಿ ಇಲ್ಲ.

ಅಂಗಡಿಯ ಪ್ಯಾಕೆಟ್ ಬೇಳೆ ಅದು, ಹರಳೆಲ್ಲಿಂದ ಬರಬೇಕು? ಒಂದು ದಿನ ಅಡುಗೆಮನೆಗೆ ಹೋದಾಗ ಕಂಡಿತು. ಆಯಿ ಹಸನು ಮಾಡಿಟ್ಟ ಬೇಳೆಗೆ ಆಯಾ ಮತ್ತೆ ಒಂದು ಚಿಟಿಕೆ ಹರಳು ಬೆರೆಸುತ್ತಿದ್ದಳು, ನಾಳೆಗೆ. ಇದು ಸುಳ್ಳೇ, ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಮರುದಿನ ಆಯಿ "ಯಾರವ್ವಾ ನೀ, ಸುಮ್ನ ಕುಂತಿ?" ಅಂತ ಮೊರವನ್ನು ನನ್ನ ಕಡೆ ಸರಿಸಿದಾಗ ನಾನೂ ಫೈಲು ಪಕ್ಕಕ್ಕಿಟ್ಟು ಹರಳು ಆರಿಸಿದೆ.