ಹಟ್ಟಿಯ ಬಾಣಂತಿ, ಕೂಸಿಗೆ ನೆರವಾಗುವುದು ಹೇಗೆ?

ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಗುಬ್ಬಿ ಕಡೆ ಕಾಡುಗೊಲ್ಲರ ಹಟ್ಟಿಗಳಿವೆ, ಅಂದರೆ ಅವರು ವಾಸಿಸುವ ಊರುಕೇರಿಗಳು. ಕುರಿ ಸಾಕಿ ಬದುಕಿದ, ಜುಂಜಪ್ಪ ದೇವರನ್ನು ನಂಬಿದ ಜನ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಬಹುಕಾಲದಿಂದ ಕೇಳುತ್ತಿದ್ದಾರೆ. ಸೂತಕ ದೇವರಿಗೆ ತಾಗಬಾರದು ಎಂದು ಬಾಣಂತಿಯನ್ನು ಕೂಸಿನ ಸಮೇತ ಹಟ್ಟಿಯಾಚೆ ಗುಡಿಸಲಿನಲ್ಲಿ ಇಡುವ ರೂಢಿ ಕೆಲವು ಕಡೆ ಇನ್ನೂ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ಹಸುಗೂಸು ತೀರಿಕೊಂಡಿತು. ಇಂಥದ್ದು ಮತ್ತೆ ಆಗಬಾರದು. ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಸ್ವಯಂಸೇವಕರು ಹೀಗೆ ಮಾಡಬಹುದು.

1. ಬಸುರಿನಲ್ಲೇ ಮಾತು ಶುರುಮಾಡಿ

ಹೆರಿಗೆಯಾದ ಮೇಲೆ ಹೋದರೆ ತಡವಾಯಿತು. ಬಸುರಿಯ ಆರೋಗ್ಯ ದಾಖಲೆಯಾದ ತಾಯಿ ಕಾರ್ಡ್ ಮಾಡಿಸುವಾಗಲೇ ಅತ್ತೆ, ಹಟ್ಟಿಯ ಯಜಮಾನರು, ಪೂಜಾರಿ ಮೂವರ ಜೊತೆಗೂ ಕೂತು ಮಾತಾಡಿ. ಹಟ್ಟಿಯ ಹೆಣ್ಣುಮಗಳೊಬ್ಬಳು ಜೊತೆಗಿದ್ದರೆ ಅರ್ಧ ಕೆಲಸ ಆದಂತೆ. ದೇವರ ಬಗ್ಗೆ ವಾದ ಬೇಡ. "ಕೂಸಿಗೆ ಚಳಿ ತಾಗದ ಹಾಗೆ ಎಲ್ಲಿ ಮಲಗಿಸೋಣ ಯಜಮಾನ್ರೇ?" ಎಂದು ಕೇಳಿ. ಅವರ ಮನೆಯ ಕೂಸು, ಅವರಿಗೂ ಕಾಳಜಿ ಇರುತ್ತದೆ ಅಲ್ವಾ?

ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಹೊರಗಿಡುವುದು 2017ರ ಮೌಢ್ಯ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ಇದನ್ನು ತಿಳಿಸಲೇಬೇಕು. ಆದರೆ ಮೊದಲ ಮಾತೇ ಅದಾದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

2. ಇರುವ ಜಾಗ ಮೊದಲೇ ಗೊತ್ತುಮಾಡಿ

ಹೆರಿಗೆಗೆ 108, ವಾಪಸ್ ಬರಲು ನಗು-ಮಗು ವಾಹನ. ಅದು ಹಟ್ಟಿಗೆ ಬರುವ ಮುಂಚೆಯೇ ಎಲ್ಲಿಗೆ ಹೋಗುವುದು ಎಂದು ತೀರ್ಮಾನವಾಗಿರಬೇಕು. ಸ್ವಂತ ಮನೆಯೇ ಸರಿಯಾದ ಜಾಗ. ಮನೆಯವರು ಒಪ್ಪದಿದ್ದರೆ ನೆಂಟರ ಮನೆ ನೋಡಿ. ಹೀಗೆ ಹೊರಗಿರುವ ಹೆಂಗಸರಿಗೆಂದು ಸರ್ಕಾರ ಕಟ್ಟಿಸಿದ ಕೃಷ್ಣ ಕುಟೀರ ಗುಡಿಸಲಿಗಿಂತ ವಾಸಿ ನಿಜ. ಆದರೆ ಹೊರಗಿಡುವುದು ಹೊರಗಿಡುವುದೇ, ಅಲ್ಲಿಗೇ ನಿಲ್ಲಬೇಡಿ.

3. ಬಿಸುಪು: ಇದರಲ್ಲಿ ರಾಜಿಯಿಲ್ಲ

ಪದ್ಧತಿಗೆ ಮರ್ಯಾದೆ ಕೊಡೋಣ. ಕೂಸಿನ ಜೀವಕ್ಕಿಂತ ಜಾಸ್ತಿ ಅಲ್ಲ. ಹಸುಗೂಸಿನ ಮೈಯಲ್ಲಿ ಕೊಬ್ಬು ಕಡಿಮೆ, ಶಾಖ ಬೇಗ ಇಳಿಯುತ್ತದೆ. ತೂಕ ಕಡಿಮೆಯಿದ್ದರೆ ಇನ್ನೂ ಬೇಗ. ತಾಯಿಯ ಎದೆಗೆ ಬರಿಮೈಯಲ್ಲಿ ಕೂಸನ್ನು ಅವಚಿಕೊಂಡು ಮೇಲೆ ಹೊದಿಕೆ ಹೊದಿಸುವುದನ್ನು ಅತ್ತೆಗೂ ತೋರಿಸಿಕೊಡಿ. ತಲೆಗೆ ಟೋಪಿ, ಕಾಲಿಗೆ ಸಾಕ್ಸ್ ಇರಲಿ. ಮೊದಲ 24 ಗಂಟೆ ಸ್ನಾನ ಬೇಡ. ಮುಚ್ಚಿದ ಜಾಗದಲ್ಲಿ ಕೆಂಡ ಇಡುವುದು ತುಂಬಾ ಅಪಾಯ, ಅದರ ವಿಷಗಾಳಿ ತಾಯಿ, ಮಗು ಇಬ್ಬರನ್ನೂ ಕೊಲ್ಲಬಹುದು.

4. ತಪ್ಪದೆ ಹೋಗಿ

ಆಸ್ಪತ್ರೆ ಹೆರಿಗೆಯಾದರೆ ಆಶಾ ಭೇಟಿ 3, 7, 14, 21, 28, 42ನೇ ದಿನ. ಬಾಣಂತಿ ಎಲ್ಲಿದ್ದಾಳೋ ಅಲ್ಲಿಗೇ ಹೋಗಬೇಕು. ಕೂಸು ಹಾಲು ಕುಡಿಯುತ್ತಿಲ್ಲ, ಮೈ ತಣ್ಣಗಿದೆ, ಉಸಿರಾಟ ತುಂಬಾ ವೇಗವಾಗಿದೆ, ಫಿಟ್ಸ್ ಬಂದಿದೆ ಎಂದರೆ ತಕ್ಷಣ 108ಕ್ಕೆ ಫೋನ್ ಮಾಡಿ. ತಾಯಿಗೆ ರಕ್ತಸ್ರಾವ ಜಾಸ್ತಿಯಾದರೂ ಅಷ್ಟೇ.

ಊಟದ ಸಲಹೆ ಕೇಳಿಕೊಂಡು ಕೊಡಿ. ಕೋಳಿ ಹಟ್ಟಿಯೊಳಗೆ ಬರಬಾರದು ಎಂಬ ಕಟ್ಟು ಹಲವು ಕಡೆ ಇದೆ. ರಾಗಿ, ಹಾಲು, ಸೊಪ್ಪು, ಕಾಳು ಹೇಳಿದರೆ ಯಾರ ಮನಸ್ಸೂ ನೋಯದು. ಅಂಗನವಾಡಿಯ ಮಾತೃಪೂರ್ಣ ಬಿಸಿಯೂಟ ಹೆರಿಗೆಯಾದ ಆರು ತಿಂಗಳವರೆಗೂ ಸಿಗುತ್ತದೆ. ಸೂತಕವೆಂದು ಬಾಣಂತಿ ಅಲ್ಲಿಗೆ ಬರದಿದ್ದರೆ ಮೇಲ್ವಿಚಾರಕಿಗೆ ತಿಳಿಸಿ ದಾರಿ ಕೇಳಿ.

ಜನನ ನೋಂದಣಿ 21 ದಿನದೊಳಗೆ ಆಗಬೇಕು, ಅದನ್ನೂ ನೋಡಿಕೊಳ್ಳಿ.